ಹಚ್ಚದೆ ತಂದ ಮೊಂಬತ್ತಿ

ಅಳಿಯನ ಡ್ರೈವಿಂಗ್ ಟೆಸ್ಟ್ ಮುಗಿಯಲೆಂದು ಮೋಹಿನಿ ಟೀಚರ್ ಆ ಕೊಲ್ಲಿ ದೇಶದ ಲೈಸೆನ್ಸ್ ಕಚೇರಿಯ ಹೆಂಗಸರ ಬೆಂಚಿನಲ್ಲಿ ಕಾಯುತ್ತಿದ್ದರು. ಪಕ್ಕದಲ್ಲಿ ಮಂಗಫ್‌ನ ಆಸ್ಪತ್ರೆಯ ಇಬ್ಬರು ನರ್ಸುಗಳು, ಐವಿ ಮತ್ತು ಸುಪ್ರೀತಾ, ಊರಿನ ಕನ್ನಡದಲ್ಲಿ ಮಾತಿಗಿಳಿದಾಗ ಟೀಚರ ಕಿವಿ ತಾನಾಗಿಯೇ ಅತ್ತ ವಾಲಿತು.

“ನಮ್ಮ ಬರ್ನಾರ್ಡಿಗೆ ಇದು ನಾಲ್ಕನೇ ಸಲ. ಆದರೆ ಈ ಸಲ ಹೆದರಿಕೆ ಇಲ್ಲ ಮಾರಾಯ್ತಿ,” ಎಂದಳು ಐವಿ, ಗಂಡನ ಟೆಸ್ಟಿನ ಬಗ್ಗೆ. “ನೀನು ಬಾರ್ಸಿಲೋನಾಕ್ಕೆ ಹೋದವಳು ಅಲ್ಲಿಯ ಬೆಟ್ಟದ ಇಗರ್ಜಿಯ ಮಾತೆಗೆ ನಾನು ಕೊಟ್ಟ ಮೊಂಬತ್ತಿ ಹಚ್ಚಿ ಬಂದಿದ್ದೀಯಲ್ಲ.”

“ಐವಿ, ಒಂದು ಹೇಳ್ತೇನೆ, ಬೈಬೇಡ.”

“ಎಂತದು?”

“ಕಾನ್ಫರೆನ್ಸ್ ಮುಗಿದ ಮೇಲೆ ಎರಡು ದಿನ ಇತ್ತು. ಮೊದಲ ದಿನ ಎಲ್ಲರೂ ಬೀಚಿಗೆ ಎಳಕೊಂಡು ಹೋದರು.”

“ಎರಡನೇ ದಿನ?”

“ಬೆಟ್ಟಕ್ಕೇ ಹೊರಟೆ. ರೈಲಿನಲ್ಲಿ ನಿದ್ದೆ ಬಂತು. ಎದ್ದು ನೋಡಿದರೆ ಕೊನೇ ಸ್ಟೇಷನ್. ಬೆಟ್ಟ ಹಿಂದೆಯೇ ಉಳಿದಿತ್ತು, ವಾಪಸು ಹೋಗಲು ಹೊತ್ತಿರಲಿಲ್ಲ.”

ಸುಪ್ರೀತಾ ಬ್ಯಾಗಿನಿಂದ ಇಡೀ ಮೊಂಬತ್ತಿಯನ್ನು ತೆಗೆದು ತೋರಿಸಿದಳು.

“ಅಯ್ಯೋ ದೇವರೇ! ಅವರು ಅದೇ ಧೈರ್ಯದಲ್ಲಿ ಒಳಗೆ ಹೋದದ್ದು!”

ಅಷ್ಟರಲ್ಲಿ ಬರ್ನಾರ್ಡ್ ಕಾಗದ ಬೀಸುತ್ತ ಓಡಿ ಬಂದ. “ಪಾಸ್! ಸುಪ್ರೀತಾ, ಎಲ್ಲ ನಿನ್ನ ಮೊಂಬತ್ತಿಯ ಮಹಿಮೆ. ಕೈ ನಡುಗಲೇ ಇಲ್ಲ!”

ಸುಪ್ರೀತಾ ಬಾಯಿ ತೆರೆದಳು. ಐವಿ ಮೊಂಬತ್ತಿಯನ್ನು ಶಾಲಿನಡಿ ಸೇರಿಸಿ, “ಪಾಪ, ನಿಮಗೋಸ್ಕರ ಬೆಟ್ಟ ಹತ್ತಿದ್ದಾಳೆ. ಥ್ಯಾಂಕ್ಸ್ ಹೇಳಿ,” ಎಂದಳು.

ಟೀಚರಿಗೆ ಐವಿಯ ತಲೆ ಸವರಬೇಕೆನಿಸಿತು.

“ಥ್ಯಾಂಕ್ಸ್, ಥ್ಯಾಂಕ್ಸ್! ಈಗ ನಿನ್ನ ಕಾರಿನ ಕೀ ಕೊಡು. ಲೈಸೆನ್ಸ್ ಕೈಗೆ ಸಿಕ್ಕಿದ ಈ ದಿನವೇ ಮೊದಲು ನಿಮ್ಮಿಬ್ಬರನ್ನೂ ಕೂರಿಸಿಕೊಂಡು ಹೋಗುವುದು. ಯಲ್ಲಾ, ಹೊರಡಿ!”

ಅವನು ಮುಂದೆ ನಡೆದ. ಹಿಂದೆ ಹೊರಟ ಐವಿ ಮೆಲ್ಲಗೆ ಕೇಳಿದಳು: “ಸುಪ್ರೀತಾ, ಬೆಂಕಿಪೊಟ್ಟಣ ಉಂಟಾ?”