ಒಂಬತ್ತನೇ ಪ್ರಶ್ನೆಯ ಉತ್ತರ

ವೇದಿಕೆಯ ಮೇಲಿರುವ ಪ್ರಾಂಶುಪಾಲರಾದ ಲಿಂಡ್‌ಕ್ವಿಸ್ಟ್ ಅವರೇ, ಮೂವತ್ತೊಂದು ವರ್ಷ ನಮ್ಮ ಮಕ್ಕಳಿಗೆ ಕಾಲೇಜಿನ ದಾರಿ ತೋರಿಸಿ ಇಂದು ನಿವೃತ್ತರಾಗುತ್ತಿರುವ ಪೆಟ್ರಾಕಿಸ್ ಮೇಡಂ ಅವರೇ, ಕೈಯಲ್ಲಿ ಫೋನು ಹಿಡಿದು ನನ್ನ ಮಾತು ಕೇಳುವಂತೆ ನಟಿಸುತ್ತಿರುವ ಸಭಿಕರೇ,

ನಿಮ್ಮ ಮೇಲೆ ನನಗೆ ಕೋಪವಿಲ್ಲ. ನನ್ನ ಕೈಯಲ್ಲೂ ಫೋನಿದೆ. ಸಂಜೆ ಏಳಕ್ಕೆ ಆ ಕಾಲೇಜಿನ ಪ್ರವೇಶದ ಫಲಿತಾಂಶ. ನೂರು ಮಕ್ಕಳು ಅರ್ಜಿ ಹಾಕಿದರೆ ನಾಲ್ವರನ್ನು ಕರೆದುಕೊಳ್ಳುವ ಕಾಲೇಜು. ಉಳಿದ ತೊಂಬತ್ತಾರು ಮಕ್ಕಳ ತಾಯಂದಿರು ಏನಾಗುತ್ತಾರೆ? ಯಾರಾದರೂ ವಿಚಾರಿಸಿದ್ದಾರೆಯೇ?

ನನ್ನ ಮಗಳು ಟೆಸ್ ಹುಟ್ಟಿದಾಗ ನಾನು ಆಗಷ್ಟೇ ಪದವಿ ಮುಗಿಸಿದ್ದೆ. ತೊಟ್ಟಿಲಲ್ಲಿದ್ದಾಗ ಅವಳು ನನ್ನನ್ನು ನಿದ್ದೆ ಮಾಡಗೊಡಲಿಲ್ಲ. ಈಗ ಅವಳಿಗೆ ಹದಿನೇಳು, ನನಗೆ ಈಗಲೂ ನಿದ್ದೆಯಿಲ್ಲ. ವ್ಯತ್ಯಾಸವಿಷ್ಟೇ, ಆಗ ಅಳುತ್ತಿದ್ದವಳು ಅವಳು.

ಬಲವಾದ ಅರ್ಜಿ ಎಂದರೇನು? ಅಂಕವೊಂದೇ ಸಾಲದು. ಟೆಸ್ ದೋಣಿ ಪಂದ್ಯದ ತಂಡ ಸೇರಿದಳು; ಅವಳಿಗೆ ನೀರೆಂದರೆ ಭಯ. ಓಬೋ ಎಂಬ ವಾದ್ಯ ಊದಲು ಕಲಿತಳು. ಪಕ್ಕದ ಮನೆಯವರು ಮನೆ ಮಾರಿ ಹೋದರು. ಬಡ ಮಕ್ಕಳಿಗೆ ಶೂ ಒದಗಿಸುವ ಸಂಘದ ಅಧ್ಯಕ್ಷೆಯಾದಳು. ಸಂಘ ಕಟ್ಟಿದವಳು ನಾನು, ಕಾರ್ಯದರ್ಶಿ ನಾನು, ಶೂ ಒರೆಸಿದವಳೂ ನಾನೇ. ಅರ್ಜಿಯ ಜೊತೆಗಿನ ಪ್ರಬಂಧಕ್ಕೆ ‘ನೀವು ಜಯಿಸಿದ ಕಷ್ಟ’ ಬೇಕಂತೆ. ಕಷ್ಟವೇ ಇಲ್ಲದ ಮನೆಯಲ್ಲಿ ಹೆತ್ತು ಮಗಳಿಗೆ ಅನ್ಯಾಯ ಮಾಡಿದೆನಲ್ಲಾ ಎಂದು ನಿಜಕ್ಕೂ ಕೊರಗಿದೆ.

ಅಕ್ಟೋಬರಿನಲ್ಲಿ ಶಾಲೆಯಿಂದ ಹೊಗಳಿಕೆಯ ಹಾಳೆ ಮನೆಗೆ ಬಂತು. ನಿಮಗೆ ಗೊತ್ತಿರುವುದೇ, ಮಗುವನ್ನು ನಾವು ಹೊಗಳಿ ಬರೆಯಬೇಕು, ಅದನ್ನು ನೋಡಿ ಮೇಡಂ ಶಿಫಾರಸು ಪತ್ರ ಬರೆಯುತ್ತಾರೆ. ನಾನು ಹನ್ನೊಂದು ಪುಟ ಬರೆದೆ. ಮೇಡಂ ಕರೆಸಿದರು.

“ಏನಮ್ಮಾ ಕೊಲೀನ್, ಇದು ಹುಡುಗಿಯೋ ನಗರಸಭೆಯೋ? ಒಂಬತ್ತನೇದು ಯಾಕೆ ಖಾಲಿ ಬಿಟ್ಟಿದ್ದೀಯ?”

ಒಂಬತ್ತನೇ ಪ್ರಶ್ನೆ: ಒಂದು ಮಧ್ಯಾಹ್ನ ಪೂರ್ತಿ ಬಿಡುವು ಸಿಕ್ಕರೆ ನಿಮ್ಮ ಮಗು ಏನು ಮಾಡುತ್ತದೆ?

“ಗೊತ್ತಿಲ್ಲ ಮೇಡಂ. ಅಂಥಾ ಮಧ್ಯಾಹ್ನ ಬಂದೇ ಇಲ್ಲ.”

“ಹಾಗಾದ್ರೆ ಒಂದು ಕೊಟ್ಟು ನೋಡು. ಅದು ತುಂಬೋವರೆಗೂ ನಾನು ಪತ್ರ ಬರೆಯಲ್ಲ.”

ಕೊಟ್ಟೆ, ಸಭಿಕರೇ! ಭಾನುವಾರ, ಹನ್ನೆರಡರಿಂದ ಐದು. ಗೋಡೆಯ ಕ್ಯಾಲೆಂಡರಿನಲ್ಲಿ ಹಸಿರು ಶಾಯಿಯಲ್ಲಿ ‘ಬಿಡುವು’ ಎಂದು ಬರೆದೆ.

“ಅಮ್ಮಾ, ಇದಕ್ಕೂ ಅಂಕ ಕೊಡ್ತಾರಾ?” ಎಂದಳು ಟೆಸ್.

“ಇಲ್ಲ ಕಣೇ. ನಿಂಗೇನು ಇಷ್ಟಾನೋ ಅದು ಮಾಡು.”

“ಆಮೇಲೆ ಅದಕ್ಕೊಂದು ಸಂಘ ಕಟ್ಟಲ್ಲ ತಾನೆ?”

ಆಣೆ ಮಾಡಿದೆ. ಪೆನ್ನು ಹಿಡಿದು ಎದುರು ಕುಳಿತೆ. ಚಿತ್ರ ಬಿಡಿಸುವಳೇ? ಕವಿತೆ ಬರೆಯುವಳೇ? ಅವಳು ಶೂ ಕೂಡ ಬಿಚ್ಚದೆ ಸೋಫಾದ ಮೇಲೆ ಬಿದ್ದು ಮಲಗಿಬಿಟ್ಟಳು. ಐದು ಗಂಟೆ ಹೊತ್ತು! ಬಾಯಿ ತುಸು ತೆರೆದಿತ್ತು, ತೊಟ್ಟಿಲಲ್ಲಿ ಇರುತ್ತಿದ್ದ ಹಾಗೆಯೇ. ನಾನು ‘ನಿದ್ದೆ ಮಾಡುತ್ತಾಳೆ’ ಎಂದು ಬರೆದೆ. ಆ ಹನ್ನೊಂದು ಪುಟಗಳಲ್ಲಿ ನಾನು ಕಣ್ಣಾರೆ ಕಂಡು ಬರೆದದ್ದು ಅದೊಂದೇ ಸಾಲು.

ಮೇಡಂ, ಆಮೇಲೆ ನೀವು ಪತ್ರದಲ್ಲಿ ಏನು ಬರೆದಿರೋ ನಾನು ಕೇಳುವುದಿಲ್ಲ. ಕೇಳಬೇಕೆಂದೇ ಬಂದಿದ್ದೆ, ನಿಜ.

ಏಳು ಗಂಟೆಯಾಯಿತು. ನಿಮ್ಮ ಮುಖಗಳ ಮೇಲೆ ಫೋನಿನ ಬೆಳಕು ಇಲ್ಲಿಂದ ಕಾಣುತ್ತಿದೆ. ನನ್ನ ಫೋನೂ ನಡುಗಿತು. ಟೆಸ್‌ಳ ಪಾಸ್‌ವರ್ಡ್ ನನಗೆ ಗೊತ್ತು, ಇಟ್ಟವಳೇ ನಾನು. ಆದರೆ ಕೊನೆಯ ಸಾಲಿನಲ್ಲಿ ಅಪ್ಪನ ಹೆಗಲಿಗೊರಗಿ ಅವಳು ಮಲಗಿದ್ದಾಳೆ. ಬಾಯಿ ತುಸು ತೆರೆದಿದೆ. ಇಗೋ, ಫೋನನ್ನು ಚೀಲಕ್ಕೆ ಹಾಕಿದೆ. ಎದ್ದ ಮೇಲೆ ಅವಳೇ ನೋಡಿಕೊಳ್ಳಲಿ.

ಪ್ರಾಂಶುಪಾಲರಿಗೆ, ಮೇಡಂ ಅವರಿಗೆ, ತಮಗೆಲ್ಲರಿಗೂ ಧನ್ಯವಾದಗಳು. ಚಪ್ಪಾಳೆ ಮಾತ್ರ ದಯವಿಟ್ಟು ಮೆಲ್ಲಗೆ. ನಮಸ್ಕಾರ.