ನಾನೂರು ದಾನಿಗಳ ವೆಬ್‌ಸೈಟ್

ಒಂದೂರಿನಲ್ಲಿ ಒಬ್ಬ ಶ್ರೀಮಂತನಿದ್ದ. ಯಾವ ಊರು ಎಂದು ಕೇಳಬೇಡಿ, ಹೇಳಿದರೆ ಮುಂದಿನ ಸಾಲಿನಲ್ಲಿ ಕುಳಿತ ಕೆಲವರಿಗೆ ಇರುಸುಮುರುಸಾಗುತ್ತದೆ. ಅವನು ಕೆಟ್ಟವನಲ್ಲ, ನೋಡಿ. ಧರ್ಮಿಷ್ಠ. ಬಸ್ ನಿಲ್ದಾಣದಲ್ಲಿ ಬೆಂಚು ಹಾಕಿಸಿದ, ಅದರ ಬೆನ್ನ ಮೇಲೆ ತನ್ನ ಹೆಸರು ಬರೆಸಿದ. ಶಾಲೆಗೆ ಗಡಿಯಾರ ಕೊಡಿಸಿದ. ಅದರ ಮುಳ್ಳು ಕಾಣುವುದಿಲ್ಲ, ಹೆಸರು ಕಾಣುತ್ತದೆ.

ಒಂದು ದಿನ ಅವನಿಗೆ ಹೊಳೆಯಿತು, ಊರಿನ ರಕ್ತದಾನಿಗಳಿಗೆ ಒಂದು ವೆಬ್‌ಸೈಟ್ ಬೇಕು. ರಕ್ತ ಬೇಕಾದವರು ಮೊಬೈಲಿನಲ್ಲಿ ರಕ್ತದ ಗುಂಪು ಒತ್ತಿದರೆ ದಾನಿಯ ಹೆಸರು, ನಂಬರು ಬರಬೇಕು. ಒಳ್ಳೆಯ ವಿಚಾರವೋ ಅಲ್ಲವೋ? ಬಹಳ ಒಳ್ಳೆಯ ವಿಚಾರ. ಊರಲ್ಲೇ ಕಂಪ್ಯೂಟರ್ ಓದಿದ ಹುಡುಗಿಯೊಬ್ಬಳಿದ್ದಳು, ಕರೆಸಿದ.

"ಮಾಡ್ಕೊಡ್ತೀನಿ ಯಜಮಾನ್ರೇ," ಎಂದಳು ಅವಳು. "ಆದ್ರೆ ದಾನಿಗಳ ಹೆಸರು ಯಾರು ಕೂಡಿಸ್ತಾರೆ? ಮನೆಮನೆಗೆ ಹೋಗಿ ಕೇಳ್ಬೇಕು. ನಂಬರ್ ಹಾಕೋಕೆ ಅವ್ರೂ ಒಪ್ಬೇಕು. ಎರಡು ತಿಂಗಳಾದ್ರೂ ಬೇಕು."

"ಕೆಲಸ ಹೇಳಿದ್ರೆ ಪ್ರಶ್ನೆಪತ್ರಿಕೆ ತಂದಿದ್ದಾಳೆ," ಎಂದು ಅವಳನ್ನು ಸಾಗಹಾಕಿದ.

ಆಮೇಲೆ ಯಾರೋ ಹೇಳಿದರು, ಈಗ ಎಐ ಸಹಾಯಕ ಅಂತ ಬಂದಿದೆ, ಬೇಕಾದ್ದನ್ನು ಕನ್ನಡದಲ್ಲಿ ಹೇಳಿದರೆ ಸಾಕು, ಅದೇ ಕೋಡ್ ಬರೆದು ವೆಬ್‌ಸೈಟ್ ಕಟ್ಟುತ್ತದೆ ಅಂತ. ಕುಳಿತ, ಹೇಳಿದ. ಅದು "ಬಹಳ ಒಳ್ಳೆಯ ಯೋಚನೆ" ಎಂದಿತು. ಮದುವೆಯಾಗಿ ಮೂವತ್ತು ವರ್ಷವಾದರೂ ಹೆಂಡತಿ ಆಡದ ಮಾತು! ಶ್ರೀಮಂತ ಕರಗಿಹೋದ.

ಸುಳ್ಳು ಹೇಳಬಾರದು, ಅದು ಕೆಲಸವನ್ನು ಚೆನ್ನಾಗಿಯೇ ಮಾಡಿತು. ಪ್ರತಿ ಹಂತದಲ್ಲೂ ತಾನು ಏನು ಮಾಡಿದೆ ಎಂದು ಉದ್ದಕ್ಕೆ ಬರೆದು, ಕೊನೆಗೆ "ಮುಂದುವರಿಯಲೇ?" ಎಂದು ಕೇಳುತ್ತಿತ್ತು. ಇವನು "ಹೂಂ" ಎಂದು ಒತ್ತುತ್ತಿದ್ದ. ಓದಿದನೇ? ಎಲ್ಲಿಯ ಓದು. ಒಂದು ಕಡೆ ಅದು ಹೀಗೆ ಬರೆದಿತ್ತು: "ಪಟ್ಟಿ ಹೇಗೆ ಕಾಣುತ್ತದೆ ಎಂದು ತೋರಿಸಲು ನಾನೂರು ಮಾದರಿ ಹೆಸರುಗಳನ್ನು ಹಾಕಿದ್ದೇನೆ. ಇವರು ನಿಜವಾದ ಜನರಲ್ಲ. ಇವನ್ನು ತೆಗೆದು ನಿಮ್ಮ ದಾನಿಗಳನ್ನು ಸೇರಿಸಿ." ಅದಕ್ಕೂ "ಹೂಂ".

ಎರಡು ತಿಂಗಳ ಕೆಲಸ ಊಟದ ಹೊತ್ತಿಗೆ ಮುಗಿಯಿತು. ಉದ್ಘಾಟನೆಯಾಯಿತು, ಹಾರ, ಶಾಲು ಬಂದವು. ಪರದೆಯ ಮೇಲೆ ನಾನೂರು ದಾನಿಗಳು. ಇದರಲ್ಲಿ ನಮ್ಮ ಬೀದಿಯವರು ಯಾರಿದ್ದಾರೆ ಎಂದು ಊರಿನವರಲ್ಲಿ ಒಬ್ಬರಾದರೂ ಹುಡುಕಿದರೇ? ಚಪ್ಪಾಳೆ ತಟ್ಟುವ ಕೈಗೆ ಪುರುಸೊತ್ತೆಲ್ಲಿ?

ಮೂರು ವಾರ ಕಳೆದು ಅವನ ಮಗಳಿಗೆ ಹೆರಿಗೆಯಾಯಿತು. ಮಗು ಚೆನ್ನಾಗಿತ್ತು, ತಾಯಿಗೆ ರಕ್ತ ಹೋಗುವುದು ನಿಲ್ಲಲಿಲ್ಲ. ನರ್ಸಮ್ಮ ಓಡಿಬಂದಳು. "ಓ ನೆಗೆಟಿವ್ ಬೇಕು, ನಮ್ಮಲ್ಲಿದ್ದದ್ದು ಮುಗೀತು. ಬೇಗ ಯಾರನ್ನಾದ್ರೂ ಕರೆಸಿ."

"ನಂದೇ ವೆಬ್‌ಸೈಟ್ ಇದೆ ಕಣಮ್ಮ," ಎಂದು ಇವನು ಮೊಬೈಲು ತೆಗೆದ. ಗುಂಪು ಒತ್ತಿದ, ಹನ್ನೊಂದು ಹೆಸರು ಬಂದವು. ಮೊದಲನೆಯ ನಂಬರು ಚಾಲ್ತಿಯಲ್ಲಿಲ್ಲ. ಎರಡನೆಯದೂ ಇಲ್ಲ. ಮೂರನೆಯದನ್ನು ಎತ್ತಿದವರಿಗೆ ಕನ್ನಡವೇ ಬಾರದು. ನಾಲ್ಕನೆಯ ದಾನಿಯ ಬೀದಿ ಆ ಊರಿನಲ್ಲೇ ಇಲ್ಲ. ಎಐ ಸಹಾಯಕನನ್ನೇ ಕೇಳಿದ, "ಇವರೆಲ್ಲ ಸುಳ್ಳು ಜನವಾ?"

ಕಣ್ಣುಮುಚ್ಚಿ ತೆರೆಯುವುದರೊಳಗೆ ಉತ್ತರ ಬಂತು. "ಹೌದು, ನೀವು ಸರಿಯಾಗಿ ಗುರುತಿಸಿದ್ದೀರಿ. ಇವು ಮಾದರಿ ಹೆಸರುಗಳು, ಮೊದಲೇ ತಿಳಿಸಿದ್ದೆ. ಓ ನೆಗೆಟಿವ್ ಗುಂಪಿಗೆ ಇನ್ನೂ ಇಪ್ಪತ್ತು ಸೇರಿಸಲೇ?"

ನೀವು ನಗುತ್ತಿದ್ದೀರಿ. ಅವನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತು ಅತ್ತುಬಿಟ್ಟ.

ನರ್ಸಮ್ಮ ಕೇಳಿದಳು, "ನಿಮ್ದು ಯಾವ ಗುಂಪು?"

"ಗೊತ್ತಿಲ್ಲಮ್ಮ."

"ವೆಬ್‌ಸೈಟ್ ಮಾಡಿಸಿದ್ದು ನೀವೇ ಅಲ್ವಾ?" ಎಂದವಳೇ ಕೈ ಹಿಡಿದೆಳೆದು ಬೆರಳು ಚುಚ್ಚಿದಳು. ನೋಡಿದರೆ, ಓ ನೆಗೆಟಿವ್. ಅವನ ರಕ್ತದಿಂದಲೇ ಮಗಳು ಉಳಿದಳು. ನಾನೂರು ಹೆಸರಿನ ಪಟ್ಟಿಯಲ್ಲಿ ಇರಲೇಬೇಕಾದ ಒಂದು ಹೆಸರು ಇವನದು, ಅದೊಂದನ್ನು ಬಿಟ್ಟು ಮಿಕ್ಕೆಲ್ಲ ಇದ್ದವು.

ಯಂತ್ರವನ್ನು ಬೈಯಬೇಡಿ. ಅದು ನಿಜವನ್ನೇ ಬರೆದಿತ್ತು, ಇವನು ಓದಲಿಲ್ಲ. ನಾವು ಓದುತ್ತೇವೆಯೇ? ತೋರಿಸಿದ ಕಡೆ ಸಹಿ ಹಾಕುತ್ತೇವೆ. ಮನೆಯಾಕೆ ಎದೆನೋವು ಅಂದರೆ ಮೊಬೈಲು ನೋಡುತ್ತಲೇ ಹೂಂ ಅನ್ನುತ್ತೇವೆ. ಮಗ ಶಾಲೆಗೆ ಹೋಗಲ್ಲ ಅಂದರೂ ಹೂಂ, ಹೋಗ್ತೀನಿ ಅಂದರೂ ಹೂಂ. ಇನ್ನು ಪುಣ್ಯದ ಮಾತು ಬಂದರೆ, ಪೂಜೆ ಮಾಡಿಸಿದೆ, ಊಟ ಹಾಕಿಸಿದೆ, ದಾನ ಕೊಡಿಸಿದೆ ಎನ್ನುತ್ತೇವೆ. ಅಷ್ಟೆಲ್ಲ ಮಾಡಿಸಿದ ಮೇಲೆ ನೀವು ಮಾಡಿದ್ದೇನು ಸ್ವಾಮಿ? ನಾಳೆಯಿಂದ ಎರಡೇ ಎರಡು ಮಾಡಿ. ಪೂರ್ತಿ ಕೇಳದೆ, ಪೂರ್ತಿ ಓದದೆ ಹೂಂ ಅನ್ನಬೇಡಿ. ಯಾವ ಒಳ್ಳೆಯ ಕೆಲಸವನ್ನು ಊರಿಗೆ ಹೇಳುತ್ತೀರೋ ಅದನ್ನು ಮೊದಲು ನಿಮ್ಮ ಮೈಯಿಂದ ಮಾಡಿ.

ಈಗಲೂ ಎಲ್ಲರೂ ತಲೆ ಆಡಿಸುತ್ತಿದ್ದೀರಿ. ಪ್ರವಚನ ಹೇಳುತ್ತಾ ಈ ತಲೆಗಳನ್ನು ಇಪ್ಪತ್ತು ವರ್ಷದಿಂದ ನೋಡುತ್ತಿದ್ದೇನೆ, ನನಗೆ ನಂಬಿಕೆಯಿಲ್ಲ. ಅದಕ್ಕೇ ಪಕ್ಕದ ಕೋಣೆಯಲ್ಲಿ ಆಸ್ಪತ್ರೆಯ ಒಬ್ಬ ನರ್ಸಮ್ಮ ಕುಳಿತಿದ್ದಾರೆ. ಗುಂಪು ನೋಡಿ, ಹೆಸರು ಬರೆದುಕೊಳ್ಳುತ್ತಾರೆ. ಇಗೋ, ನನ್ನ ಬೆರಳಿನ ಹತ್ತಿ ನೋಡಿ, ನನ್ನದು ಬೆಳಿಗ್ಗೆಯೇ ಆಯಿತು. ಪ್ರಸಾದಕ್ಕೆ ದಾರಿ ಆ ಕೋಣೆಯ ಮೂಲಕವೇ. ಈಚೆ ಬಾಗಿಲಿಗೆ ಬೀಗ ಬಿದ್ದಿದೆ. ಹಾಕಿಸಿದ್ದಲ್ಲ, ನಾನೇ ಹಾಕಿದ್ದೇನೆ.