ಕೆರೆದ ಮುಖ, ಉಳಿದ ಮುತ್ತು

ನನಗೆ ಮದುವೆಯಾಯಿತು! ಕ್ಷಮಿಸಿ, ಮೊದಲು ಅಧ್ಯಕ್ಷರೇ, ಅತಿಥಿಗಳೇ, ಇಂದು ನಿವೃತ್ತರಾಗುತ್ತಿರುವ ನಮ್ಮ ಎರ್ಸಿಲಿಯಾ ಮೇಡಂ ಅವರೇ, ಮಾಂಟುವಾದ ಸಭಿಕರೇ ಎನ್ನಬೇಕಿತ್ತು. ಹದಿನೇಳು ದಿನವಾಯಿತು, ನಾಲಿಗೆ ಇನ್ನೂ ಹಿಡಿತಕ್ಕೆ ಬಂದಿಲ್ಲ.

ಮ್ಯೂಸಿಯಮ್ಮಿನ ಅಚ್ಚುಚಿತ್ರಗಳ ಕೋಣೆಯಲ್ಲಿ ಆರು ವರ್ಷ ಮೇಡಂ ಕೈಕೆಳಗೆ ದುಡಿದೆ. ಮೊದಲ ದಿನವೇ ಅವರು ನಾನೂರೈವತ್ತು ವರ್ಷ ಹಳೆಯ ಎರಡು ಚಿತ್ರಗಳನ್ನು ಮುಂದಿಟ್ಟರು. ಎರಡರಲ್ಲೂ ಅದೇ ಮುತ್ತಿನ ತಲೆಯುಡುಗೆ, ಕೈಯಲ್ಲಿ ಅದೇ ಮುಖವಾಡ. ಮುಖ ಮಾತ್ರ ಬೇರೆ.

"ಅಕ್ಕತಂಗೀರಾ ಮೇಡಂ?"

"ಅಯ್ಯೋ ಹುಚ್ಚಿ, ಎರಡನ್ನೂ ಅಚ್ಚೊತ್ತಿದ ತಾಮ್ರದ ತಗಡು ಒಂದೇ ಕಣೆ! ಮೊದಲ್ನೇ ಹೆಂಡ್ತಿ ಸತ್ತಳು. ಗಂಡ ಮುಖದ ಜಾಗ ಕೆರೆಸಿ ಎರಡನೇವಳನ್ನ ಕೊರೆಸಿದ. ಮುತ್ತು ಅಂದ್ರೆ ಮನೆತನದ ಮಾನ. ಅದನ್ನ ಯಾರು ಕೆರೀತಾರೆ?"

ಹಳೆಯ ಚಿತ್ರಗಳಲ್ಲಿ ಮುಖವಾಡವೆಂದರೆ ಮೋಸದ ಗುರುತು ಎನ್ನುತ್ತವೆ ಪುಸ್ತಕಗಳು. ಆದರೆ ಭೂತಗನ್ನಡಿ ಹಿಡಿದು ನೋಡಿ: ಆ ಮುಖವಾಡಕ್ಕೆ ಮೊದಲ ಹೆಂಡತಿಯದೇ ಮೂಗು, ಅವಳದೇ ಗದ್ದ. ಇಡೀ ಚಿತ್ರದಲ್ಲಿ ನಿಜ ಹೇಳುವುದು ಅದೊಂದೇ ಅಲ್ಲವೇ?

ನನ್ನ ಗಂಡ ಎತ್ತೋರೆ ಎಷ್ಟು ಒಳ್ಳೆಯವರು! ಟ್ರಿಯೆಸ್ಟೆಯಲ್ಲಿ ಎಷ್ಟು ದೊಡ್ಡ ಮನೆ! ಅವರ ಮೊದಲ ಹೆಂಡತಿ ಒತ್ತಾವಿಯಾ ತೀರಿಕೊಂಡದ್ದು ನನಗೆ ಗೊತ್ತಿತ್ತು. ಮದುವೆಯ ದಿನ ಅತ್ತೆ ತಾವೇ ನನ್ನ ತಲೆಗೆ ಮುತ್ತಿನ ಪಟ್ಟಿ ಕಟ್ಟಿದರು. "ಅಳತೆ ತೊಗೊಂಡು ಮಾಡಿದ ಹಾಗಿದೆ ನೋಡು!" ಎಂದರು. ಬಿಚ್ಚಿದಾಗ ಒಳಗೊಂದು ಕೆಂಚು ಕೂದಲಿತ್ತು. ನನ್ನ ಕೂದಲು ಕಪ್ಪು. ನಗಿ, ನಗಿ, ನಾನೂ ನಕ್ಕೆ.

"ಒತ್ತಾವಿಯಾ, ಕಾಫಿ ತಾರಮ್ಮ" ಎನ್ನುತ್ತಾರೆ ಅತ್ತೆ. ಮೊದಲ ವಾರ ತಿದ್ದಿದೆ. "ಹೋಗ್ಲಿ ಬಿಡು ನೋಯೆಮಿ, ವಯಸ್ಸಾದೋರು. ಓಗೊಟ್ರೆ ನಿನ್ನ ಗಂಟೇನು ಹೋಗುತ್ತೆ?" ಎಂದರು ಎತ್ತೋರೆ. ಮೊನ್ನೆ ಅವರೂ ಹಾಗೆಯೇ ಕರೆದರು. ನಾನು ಓಗೊಟ್ಟೆ.

ಕೆರೆದ ತಗಡನ್ನು ಹಿಂದಿನಿಂದ ಬಡಿದು ಸಮ ಮಾಡದಿದ್ದರೆ ತಗ್ಗಿನಲ್ಲಿ ಮಸಿ ನಿಲ್ಲುತ್ತದೆ. ಹೊಸ ಮುಖದ ಮೇಲೆ ಬೂದು ನೆರಳು ಕೂರುತ್ತದೆ. ಕನ್ನಡಿಯಲ್ಲಿ ಈಗ ನಾನು ಅದನ್ನೇ ಹುಡುಕುತ್ತೇನೆ.

ಮೇಡಂ, ನಿಮ್ಮ ನಂತರ ಅಚ್ಚುಚಿತ್ರಗಳ ಕೋಣೆಯ ಕೀಲಿ ನನಗೇ ಎಂದಿದ್ದಿರಿ. ಮದುವೆಯ ಸಂಭ್ರಮದಲ್ಲಿ ಬೇಡವೆಂದೆ. ಈಗ ಇದೇ ವೇದಿಕೆಯಲ್ಲಿ ಅದು ಬೇರೆಯವರ ಕೈ ಸೇರಿತು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ನಾನು.

ಮಾತು ಉದ್ದವಾಯಿತು. ಸಹಿಸಿಕೊಂಡ ನಿಮಗೆಲ್ಲ ಋಣಿ, ನಮಸ್ಕಾರ. ಮೇಡಂ, ಒಂದೇ ಮಾತು ಉಳಿದಿದೆ. ನನ್ನ ಪೆಟ್ಟಿಗೆ ತರಲು ಟ್ರಿಯೆಸ್ಟೆಗೆ ಹೋಗುತ್ತಿದ್ದೇನೆ. ಕೆಲಸ ಕೇಳುವುದಿಲ್ಲ, ನಿಮ್ಮ ಮನೆಯಲ್ಲೊಂದು ಮಂಚ ಸಾಕು. ಸ್ಟೇಷನ್ನಿಗೆ ಬಂದು ನನ್ನ ಹೆಸರು ಹಿಡಿದು ಕೂಗಿ. ವೆರೋನಾದಲ್ಲಿ ಗಾಡಿ ಬದಲಿಸಿ ಬರುತ್ತೇನೆ. ಗುರುವಾರ, ಅಲ್ಲಿಂದ ಬರುವ ಬೆಳಗಿನ ರೈಲು.